ಎ.ಎಂ.ಎಚ್ 1.1 ಬಂದಿದೆ, ಮುಟ್ಟಿನ ಯಾವ ದಿನ ಮತ್ತೆ ಟೆಸ್ಟ್ ಮಾಡಿಸಿದರೆ ಸರಿಯಾದ ನಂಬರ್ ಸಿಗುತ್ತದೆ?

ಮತ್ತೆ ಮಾಡಿಸಬೇಡಿ. ಎ.ಎಂ.ಎಚ್ ಎಂದರೆ ಅಂಡಾಶಯದಲ್ಲಿ ಎಗ್ ಎಷ್ಟು ಉಳಿದಿವೆ ಎಂದು ಅಂದಾಜು ಮಾಡುವ ರಕ್ತಪರೀಕ್ಷೆ. ಎ.ಎಂ.ಎಚ್‌ಗೆ ದಿನದ ಹಂಗಿಲ್ಲ. ದಿನ ನೋಡಬೇಕಾದದ್ದು ಬೇರೆ ಟೆಸ್ಟ್‌ಗಳಿಗೆ. ನಮ್ಮ ವಿಷಯದಲ್ಲಿ ಅದನ್ನು ಯಾರೂ ನೋಡಲಿಲ್ಲ.

ನನಗೆ ಮೊದಲಿನಿಂದಲೂ ಮುಟ್ಟು 35 ದಿನಕ್ಕೊಮ್ಮೆ. ಮಗು ಬೇಕೆಂದು ಹೋದ ಕ್ಲಿನಿಕ್‌ನಲ್ಲಿ '21ನೇ ದಿನ ಪ್ರೊಜೆಸ್ಟರಾನ್' ಎಂದು ಒಂದು ಹಾರ್ಮೋನ್ ರಕ್ತಪರೀಕ್ಷೆಗೆ ಚೀಟಿ ಬರೆದುಕೊಟ್ಟರು. ಎಷ್ಟು ದಿನಕ್ಕೆ ಮುಟ್ಟಾಗುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ರಿಪೋರ್ಟ್‌ನಲ್ಲಿ 1ಕ್ಕಿಂತ ಕಡಿಮೆ ಬಂತು. "ಎಗ್ ರಿಲೀಸ್ ಆಗ್ತಿಲ್ಲಮ್ಮ" ಎಂದು ಎಗ್ ಬರಿಸುವ ಮಾತ್ರೆ ಲೆಟ್ರೋಜೋಲ್ ಶುರು ಮಾಡಿದರು.

ಎಲ್ಲಿ ಎಡವಟ್ಟಾಯಿತು ನೋಡಿ. ಪ್ರೊಜೆಸ್ಟರಾನ್ ಏರುವುದೇ ಎಗ್ ಹೊರಬಂದ ಮೇಲೆ. ಚೆನ್ನಾಗಿ ಏರಲು ಸುಮಾರು ಒಂದು ವಾರ ಬೇಕು. 28 ದಿನಕ್ಕೆ ಮುಟ್ಟಾಗುವವರಿಗೆ 14ರ ಆಸುಪಾಸಿನಲ್ಲಿ ಎಗ್ ಬರುತ್ತದೆ, ಅವರಿಗೆ 21 ಸರಿ. ನನಗೆ ಎಗ್ ಬರುವುದೇ 21ರ ಸುಮಾರಿಗೆ! ಹಾಲನ್ನು ಒಲೆ ಮೇಲಿಟ್ಟ ತಕ್ಷಣ ನೋಡಿ ಉಕ್ಕಲೇ ಇಲ್ಲ ಅಂದ ಹಾಗಾಯಿತು. ಮುಂದಿನ ಮುಟ್ಟಿಗೆ ಏಳು ದಿನ ಮೊದಲು ನೋಡಬೇಕು. ನನಗೆ ಅದು 28ನೇ ದಿನ. ಬೇರೆ ಡಾಕ್ಟರ್ ಮಾತ್ರೆ ನಿಲ್ಲಿಸಿ ಆ ದಿನ ಮಾಡಿಸಿದಾಗ 11 ಬಂತು. 3 ದಾಟಿದರೇ ಎಗ್ ಬಂದಿದೆ ಎಂದು ಲೆಕ್ಕ.

ಅಷ್ಟು ತಿಂಗಳೂ ತೊಂದರೆ ನನ್ನದೇ ಎಂದು ಎಲ್ಲರೂ ನಂಬಿದ್ದರು. ನನ್ನ ಗಂಡನ ವೀರ್ಯ ಪರೀಕ್ಷೆಯ ಮಾತೇ ಬರಲಿಲ್ಲ. ತೊಂದರೆ ಇದ್ದದ್ದು ಅಲ್ಲಿ. ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ಎಫ್.ಎಸ್.ಎಚ್‌ಗೂ ದಿನ ಮುಖ್ಯ, ಅದು ಅಂಡಾಶಯದಲ್ಲಿ ಎಗ್ ಬೆಳೆಸುವ ಹಾರ್ಮೋನ್. ಮುಟ್ಟಿನ 2 ಅಥವಾ 3ನೇ ದಿನ ಮಾಡಿಸಿ, ಜೊತೆಗೆ ಎಸ್ಟ್ರಡಯಾಲ್ ಎಂಬ ಹಾರ್ಮೋನ್ ಟೆಸ್ಟ್ ಕೂಡ ಇರಲಿ. ಎಸ್ಟ್ರಡಯಾಲ್ ಜಾಸ್ತಿ ಇದ್ದರೆ ಅದು ಎಫ್.ಎಸ್.ಎಚ್ ಅನ್ನು ಅದುಮಿಬಿಡುತ್ತದೆ. ಆಗ ನಾರ್ಮಲ್ ಅಲ್ಲದ್ದೂ ನಾರ್ಮಲ್ ಆಗಿ ಕಾಣುತ್ತದೆ.

ಎ.ಎಂ.ಎಚ್ ಬರುವುದು ಅಂಡಾಶಯದಲ್ಲಿ ಎಗ್ ಇರುವ ಚಿಕ್ಕ ಚೀಲಗಳಿಂದ, ಅಂದರೆ ಫಾಲಿಕಲ್‌ಗಳಿಂದ. ತಿಂಗಳಿಡೀ ಹೆಚ್ಚೇನೂ ಬದಲಾಗುವುದಿಲ್ಲ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಸ್ವಲ್ಪ ಕಡಿಮೆ ತೋರಿಸಬಹುದು. ಅದರಿಂದ ತಿಳಿಯುವುದು ಐವಿಎಫ್ ಇಂಜೆಕ್ಷನ್ ಕೊಟ್ಟರೆ ಎಷ್ಟು ಎಗ್ ಸಿಗಬಹುದು ಎಂದು. ಸಹಜವಾಗಿ ಬಸಿರಾಗಲು ಒಂದು ಎಗ್ ಸಾಕಲ್ವಾ? 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಆಗಷ್ಟೇ ಪ್ರಯತ್ನ ಶುರು ಮಾಡಿದ್ದ, 30ರಿಂದ 44 ವಯಸ್ಸಿನ ಹೆಂಗಸರನ್ನು ಗಮನಿಸಿದ್ದರು. ಎ.ಎಂ.ಎಚ್ 0.7ಕ್ಕಿಂತ ಕಡಿಮೆ ಇದ್ದವರೂ ಉಳಿದವರಷ್ಟೇ ಬಸಿರಾಗಿದ್ದರು.

ನಿಮಗೆ 35 ದಾಟಿ, ಆರು ತಿಂಗಳಿಂದ ಪ್ರಯತ್ನಿಸುತ್ತಿದ್ದರೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ಎ.ಎಂ.ಎಚ್‌ಗೆ ಇನ್ನೊಮ್ಮೆ ಸುರಿಯುವ ದುಡ್ಡಿನಲ್ಲಿ ಮೊದಲು ನಿಮ್ಮ ಯಜಮಾನರ ಟೆಸ್ಟ್ ಮಾಡಿಸಿ.