ಎಕ್ಸ್ ಸ್ಕ್ವೇರ್‌ಗೆ 3ರಲ್ಲಿ ಉತ್ತರ 9, ಮತ್ತ ಡೆರಿವೇಟಿವ್ 6 ಯಾಕ?

ಬಹುಶಃ ನೀವು ವ್ಯಾಲ್ಯೂನೂ ಅದು ಏರೋ ಸ್ಪೀಡನ್ನೂ ಒಂದ ಅಂತ ತಿಳ್ಕೊಂಡೀರಿ, 9 ಅನ್ನೋದು ವ್ಯಾಲ್ಯೂ, 6 ಅನ್ನೋದು ಅಲ್ಲಿ ಅದು ಏರೋ ಸ್ಪೀಡ್. ಬಳ್ಳಾರಿಯಿಂದ ಹೊಸಪೇಟೆಗೆ ಹೋಗೋ ಬಸ್ಸು ತೋರಣಗಲ್ಲು ದಾಟುವಾಗ ಎಷ್ಟು ಕಿಲೋಮೀಟರ್ ಬಂದೈತಿ ಅನ್ನೋದು ಬ್ಯಾರೆ, ಆ ಹೊತ್ತಿಗೆ ಸ್ಪೀಡೋಮೀಟರ್ ಮುಳ್ಳು ಎಲ್ಲೈತಿ ಅನ್ನೋದು ಬ್ಯಾರೆ, ಡೆರಿವೇಟಿವ್ ಅಂದ್ರ ಆ ಮುಳ್ಳು.

ಫಾರ್ಮುಲಾ ಪಕ್ಕಕ್ಕಿಟ್ಟು ಮೊದ್ಲು ಕ್ಯಾಲ್ಕುಲೇಟರ್ ತಗೊಂಡು 3.1ರ ಸ್ಕ್ವೇರ್ ಮಾಡ್ರಿ, 9.61 ಬರ್ತೈತಿ, ಅದ್ರಾಗ 9 ಕಳದು, 3ರಿಂದ ಮುಂದಿಟ್ಟ ಸಣ್ಣ ಹೆಜ್ಜಿ 0.1ರಿಂದ ಭಾಗಿಸಿದ್ರ 6.1. ಹಂಗ 3.01 ಇಟ್ರ 6.01, 3.001ಕ್ಕ 6.001. ಹಿಂದಿನಿಂದ 2.9 ಹಿಡಿದ್ರ 5.9, ಎರಡೂ ಕಡೆಯಿಂದ 6ರ ಹತ್ರನ ಬರ್ತೈತಿ ನೋಡ್ರಿ. ಇದನ್ನ ಕೈಯಾರೆ ಮಾಡ್ರಿ, ಬರೇ ಓದಿದ್ರ ತಲಿಗೆ ಹತ್ತಂಗಿಲ್ಲ.

ಆಮೇಲೆ ಆ ಸಣ್ಣ ಹೆಜ್ಜಿಗೆ ಎಚ್ ಅಂತ ಹೆಸ್ರಿಟ್ಟು (3+ಎಚ್) ಸ್ಕ್ವೇರ್ ಬಿಡಿಸ್ರಿ, 9 ಕಳದ್ರ 6ಎಚ್ ಪ್ಲಸ್ ಎಚ್ ಸ್ಕ್ವೇರ್ ಉಳಿತೈತಿ, ಎಚ್‌ನಿಂದ ಭಾಗಿಸಿದ್ರ 6 ಪ್ಲಸ್ ಎಚ್, ಈಗ ಎಚ್ ಸೊನ್ನಿ ಹತ್ರ ಹೋಗ್ಲಿ. ಭಾಗಿಸೋಕಿಂತ ಮೊದ್ಲ ಸೊನ್ನಿ ಹಾಕಿದ್ರ 0 ಬೈ 0 ಆಗಿ ಕೆಡ್ತೈತಿ, ಪಿಯುಸಿ ಹುಡುಗ್ರು ಭಾಳ ಮಂದಿ ಎಡವೋದು ಇಲ್ಲೇ. 3ರ ಜಾಗದಾಗ ಎಕ್ಸ್ ಇಟ್ಟು ಇನ್ನೊಮ್ಮಿ ಮಾಡ್ರಿ, ಡೆರಿವೇಟಿವ್ ಫಾರ್ಮುಲಾ 2ಎಕ್ಸ್ ತಾನಾಗೇ ಬರ್ತೈತಿ.