ಗುಡ್ಡ ಕುಸಿದರೆ ಡಯಾಲಿಸಿಸ್ ಎಲ್ಲಿ?

ಪ್ರಶ್ನೆ: ನನ್ನ ತಾಯಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗಲೇಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆದದ್ದನ್ನು ಕಂಡ ಮೇಲೆ ಪ್ರತಿ ಮಳೆಗಾಲವೂ ಭಯ. ಇಂಥ ಹೊತ್ತಿಗೆ ಕಂಪ್ಯೂಟರ್ ಸಿಮ್ಯುಲೇಶನ್‌ನಿಂದ ಮೊದಲೇ ಯೋಜನೆ ಹಾಕಬಹುದಂತೆ, ನಿಜವೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಿಜ. ಸಿಮ್ಯುಲೇಶನ್ ಎಂದರೆ ನಡೆಯಬಹುದಾದದ್ದನ್ನು ಕಂಪ್ಯೂಟರಿನಲ್ಲಿ ಅಣಕು ಮಾಡಿ ನೋಡುವುದು. ಯಾವ ಗುಡ್ಡ ಯಾವ ದಿನ ಜಾರುತ್ತದೆ ಎಂದು ಅದು ಹೇಳಲಾರದು. ಜಾರಿದರೆ ಯಾವ ಊರಿನ ರೋಗಿಗಳು ಸಿಕ್ಕಿಬೀಳುತ್ತಾರೆ ಎಂದು ಮಾತ್ರ ಚೆನ್ನಾಗಿ ಹೇಳಬಲ್ಲದು.

ಜಿಲ್ಲೆಯ ರಸ್ತೆ, ಸೇತುವೆ, ಊರು, ಆಸ್ಪತ್ರೆಗಳ ನಕ್ಷೆಯನ್ನು ಕಂಪ್ಯೂಟರಿಗೆ ಊಡಿಸುತ್ತೇವೆ. ಇಳಿಜಾರು, ಮಣ್ಣು, ಹಿಂದಿನ ಕುಸಿತಗಳನ್ನು ನೋಡಿ ಪ್ರತಿ ರಸ್ತೆ ಮುಚ್ಚುವ ಸಂಭವವನ್ನು ಅಂದಾಜು ಮಾಡುತ್ತೇವೆ. ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಕೆಲವು ರಸ್ತೆಗಳನ್ನು ಮುಚ್ಚಿ, ಉಳಿದ ದಾರಿಯಲ್ಲಿ ಪ್ರತಿ ಊರಿನಿಂದ ಡಯಾಲಿಸಿಸ್ ಕೇಂದ್ರ ಮುಟ್ಟಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುತ್ತದೆ. ಇದನ್ನು ಸಾವಿರಾರು ಬಾರಿ ಮಾಡಿದಾಗ, ಪದೇ ಪದೇ ಒಂಟಿಯಾಗುವ ಊರುಗಳು ಎದ್ದು ಕಾಣುತ್ತವೆ.

ದಾರಿ ಸಿಕ್ಕರೆ ಸಾಲದು, ಯಂತ್ರವೂ ಸಿಗಬೇಕು. ಒಂದು ಕೇಂದ್ರದಲ್ಲಿ 5 ಯಂತ್ರಗಳು, ದಿನಕ್ಕೆ 3 ಪಾಳಿ, ವಾರಕ್ಕೆ 6 ದಿನ ಎಂದಿಟ್ಟುಕೊಳ್ಳಿ. ವಾರಕ್ಕೆ 90 ಸರದಿ, ಅಂದರೆ ಒಬ್ಬರಿಗೆ ವಾರಕ್ಕೆ ಎರಡರಂತೆ 45 ರೋಗಿಗಳು. ಪಕ್ಕದ ಕೇಂದ್ರದ ವಿದ್ಯುತ್ ಹೋಗಿ ಅಲ್ಲಿನ 20 ಮಂದಿ ಇಲ್ಲಿಗೆ ಬಂದರೆ 130 ಸರದಿ ಬೇಕು. ತುರ್ತಿನಲ್ಲಿ, ವೈದ್ಯರು ಒಪ್ಪಿದರೆ, 4 ಗಂಟೆಯ ಚಿಕಿತ್ಸೆಯನ್ನು 3 ಗಂಟೆಗೆ ಇಳಿಸಿ 4 ಪಾಳಿ ನಡೆಸಿ, ಭಾನುವಾರವೂ ತೆರೆದರೆ 140 ಸರದಿ ಸಿಗುತ್ತವೆ. ಆದರೆ ಆ ಹೆಚ್ಚಿನ ಪಾಳಿಗೆ ಟೆಕ್ನಿಷಿಯನ್ ಯಾರು? ಅವರ ಮನೆಯ ದಾರಿ ತೆರೆದಿದೆಯೇ? 4 ಗಂಟೆಯ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಜನರೇಟರಿಗೆ ಡೀಸೆಲ್ ಯಾವ ದಾರಿಯಲ್ಲಿ ಬರುತ್ತದೆ? ಸಿಮ್ಯುಲೇಶನ್ನಿನ ನಿಜವಾದ ಉಪಕಾರ ಇಲ್ಲಿದೆ: ಮಳೆಗಾಲಕ್ಕೆ ಮೊದಲೇ ಈ ಪ್ರಶ್ನೆಗಳನ್ನು ಮೇಜಿನ ಮೇಲೆ ತಂದಿಡುತ್ತದೆ.

2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪಕ್ಕೆ ಅಪ್ಪಳಿಸಿತು. ಸರ್ಕಾರ ಮೊದಲು ಒಪ್ಪಿಕೊಂಡ ಸಾವು 64. ಮುಂದಿನ ತಿಂಗಳುಗಳ ಹೆಚ್ಚುವರಿ ಸಾವುಗಳನ್ನೂ ಅಧ್ಯಯನ ಮಾಡಿದ ಮೇಲೆ ಅದನ್ನು 2,975ಕ್ಕೆ ಏರಿಸಿತು. ತಿಂಗಳುಗಟ್ಟಲೆ ವಿದ್ಯುತ್ತಿಲ್ಲದೆ, ಔಷಧಿ, ಆಮ್ಲಜನಕ, ಡಯಾಲಿಸಿಸ್ ಸರಿಯಾಗಿ ಸಿಗದೆ ಜನ ನರಳಿದರು. ಆದ್ದರಿಂದಲೇ ವಿಪತ್ತಿನ ಯೋಜನೆಯಲ್ಲಿ ಗಾಯಾಳುಗಳಷ್ಟೇ ಪ್ರಾಮುಖ್ಯ ನಿಮ್ಮ ತಾಯಿಯಂಥವರಿಗೂ ಸಿಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಯಾವ ಊರಿನಲ್ಲಿ ಎಷ್ಟು ಮಂದಿ ಡಯಾಲಿಸಿಸ್ ರೋಗಿಗಳಿದ್ದಾರೆಂಬ ಪಟ್ಟಿ ಇಲ್ಲದಿದ್ದರೆ ಎಷ್ಟು ದೊಡ್ಡ ಕಂಪ್ಯೂಟರ್ ಇದ್ದರೂ ವ್ಯರ್ಥ. ಆ ಪಟ್ಟಿಗೆ ಆಶಾ ಕಾರ್ಯಕರ್ತೆಯರಿಗಿಂತ ಉತ್ತಮ ಮೂಲ ನನಗೆ ಕಾಣುವುದಿಲ್ಲ.

ನೀವು ಈಗಲೇ ಮಾಡಬಹುದಾದದ್ದು: ಭಾರಿ ಮಳೆಯ ಮುನ್ಸೂಚನೆ ಬಂದರೆ ಸರದಿಯನ್ನು ಒಂದು ದಿನ ಮುಂಚಿತವಾಗಿ ಕೊಡಲು ಸಾಧ್ಯವೇ ಎಂದು ಕೇಂದ್ರದಲ್ಲಿ ಕೇಳಿ. ಬೇರೆ ದಿಕ್ಕಿನ ರಸ್ತೆಯಲ್ಲಿರುವ ಇನ್ನೊಂದು ಕೇಂದ್ರವನ್ನೂ ಮಾತನಾಡಿಸಿಡಿ. ಅಲ್ಲಿ ಮೊದಲು ಕೇಳುವುದು ಹೆಪಟೈಟಿಸ್ ಮತ್ತು ಎಚ್‌ಐವಿ ಪರೀಕ್ಷೆಯ ವರದಿಗಳನ್ನು. ಅವುಗಳ ಜೊತೆ ತಾಯಿಯ ಒಣ ತೂಕ (ಮೈಯಲ್ಲಿನ ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ), ಔಷಧಿಗಳ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ.