ಟೊರಾಂಟೊದ ಚಳಿಗೆ ಇಳಕಲ್ ಸೀರೆ

ತಂಗಿ, ಟೊರಾಂಟೊಕ್ಕೆ ಬಂದು ಎರಡು ತಿಂಗಳಾಯಿತು, ಕಚೇರಿಯ ಕಪ್ಪು ಕೋಟುಗಳ ನಡುವೆ ನನ್ನ ಚೂಡಿದಾರ, ಕುಂಕುಮ ನೆನೆದು ನಾನೇ ಮುದುಡಿಕೊಳ್ಳುತ್ತೇನೆ, ಎಲ್ಲವನ್ನೂ ಬದಲಾಯಿಸಬೇಕೇ ಎಂದು ಕೇಳಿದ್ದೀಯ. ಮೊದಲು ಬೂಟು ಬದಲಾಯಿಸು. ಕುಂಕುಮದ ಮಾತು ಆಮೇಲೆ.

ನಾನು ಬಂದ ಮೊದಲ ಜನವರಿಯಲ್ಲಿ ಊರಿನಿಂದ ತಂದ ಚರ್ಮದ ಶೂ ತೊಟ್ಟು ಸಭೆಗೆ ಹೋಗಿದ್ದೆ. ಹಿಮ ಕರಗಲೆಂದು ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದರ ಬಿಳಿ ಗೆರೆ ಶೂ ಮೇಲೆಲ್ಲ. ಒಳಗೆ ಕಾಲು ಒದ್ದೆ. ಯಾರೋ ಪ್ರಶ್ನೆ ಕೇಳಿದರು, ಬಾಯಿ ಕಟ್ಟಿತು. ನನ್ನ ಇಂಗ್ಲಿಷ್ ಸಾಲದು ಎಂದು ವಾರಗಟ್ಟಲೆ ಕೊರಗಿದೆ. ಈಗ ನೆನೆದರೆ ನಗು ಬರುತ್ತದೆ: ಇಂಗ್ಲಿಷ್ ಚೆನ್ನಾಗಿಯೇ ಇತ್ತು, ಕಾಲು ಮರಗಟ್ಟಿತ್ತು.

ನೀರು ಇಳಿಯದ ಬೂಟು ಕೊಂಡು, ಒಂದು ಜೊತೆ ಒಳ್ಳೆಯ ಶೂ ಕಚೇರಿಯ ಮೇಜಿನ ಕೆಳಗೇ ಇಟ್ಟುಬಿಡು. ಹತ್ತಿಯ ಒಳಬಟ್ಟೆ ಚಳಿಗಾಲಕ್ಕೆ ಬೇಡ. ಬೆಚ್ಚಗಿನ ರೈಲಿನಲ್ಲಿ ಬೆವರು ಹೀರಿಕೊಂಡು, ಹೊರಗಿಳಿದ ಕೂಡಲೇ ಮೈಗೆ ತಣ್ಣಗೆ ಅಂಟುತ್ತದೆ. ತೆಳುವಾದ ಉಣ್ಣೆಯದು ತೊಡು. ಒಂದೇ ದಪ್ಪ ಸ್ವೆಟರಿಗಿಂತ ಒಂದರ ಮೇಲೊಂದು ತೆಳುವಾದವೇ ಮೇಲು, ಬೇಕಾದಾಗ ತೆಗೆಯಬಹುದು. ಯೂನಿಯನ್ ನಿಲ್ದಾಣದಿಂದ ಹರಡಿರುವ ‘ಪಾಥ್’ ಎಂಬ ನೆಲದಡಿಯ ದಾರಿ 30 ಕಿಲೋಮೀಟರಿಗೂ ಹೆಚ್ಚಿದೆ. ನಿನ್ನ ಕಚೇರಿಯ ಕಟ್ಟಡಕ್ಕೆ ಅದರ ಬಾಗಿಲಿದ್ದರೆ ಕೋಟು ಕೈಯಲ್ಲಿ ಹಿಡಿದೇ ಹೋಗಬಹುದು. ಅಂದ ಹಾಗೆ, ಆ ಕಪ್ಪು ಕೋಟುಗಳನ್ನು ನೋಡಿ ಹೆದರಬೇಡ. ಕೆಸರು, ಉಪ್ಪುನೀರಿನ ನಡುವೆ ಕೊಳೆ ಕಾಣಬಾರದಲ್ಲ!

ಸಂದರ್ಶನಕ್ಕೆ ಮಾತ್ರ ಒಂದು ಒಳ್ಳೆಯ ಬ್ಲೇಜರ್ ಇರಲಿ. ಸಿದ್ಧ ಉಡುಪಿನ ತೋಳು ನನಗಂತೂ ಬೆರಳಿನವರೆಗೆ ಬರುತ್ತಿತ್ತು. ದರ್ಜಿಯ ಬಳಿ ಕೊಟ್ಟು ಗಿಡ್ಡ ಮಾಡಿಸಿದ ದಿನವೇ ಅದು ನನ್ನದಾಯಿತು.

ಕುಂಕುಮವನ್ನು ನಾನೂ ಎರಡು ವರ್ಷ ಬಿಟ್ಟಿದ್ದೆ. ಇಟ್ಟಾಗ ಯಾರೂ ಏನೂ ಕೇಳಿರಲಿಲ್ಲ, ಬಿಟ್ಟಾಗಲೂ ಕೇಳಲಿಲ್ಲ. ಕನ್ನಡಿಯಲ್ಲಿ ನನಗೇ ಏನೋ ಕಳೆದಂತೆ ಕಾಣುತ್ತಿತ್ತು, ಅಷ್ಟೆ. ಆಮೇಲೊಂದು ನವೆಂಬರ್‌ನಲ್ಲಿ, ಸಂಜೆ ರಾಜ್ಯೋತ್ಸವಕ್ಕೆ ಹೋಗಲು ಹೊತ್ತಾಗುತ್ತದೆಂದು ಕಚೇರಿಗೇ ಇಳಕಲ್ ಸೀರೆ ಉಟ್ಟು ಹೋದೆ. ಒಳಗೆ ಉಣ್ಣೆಯ ಕಾಲುಡುಪು, ಕೆಳಗೆ ಬೂಟು. ಪಕ್ಕದ ಮೇಜಿನವಳು ಸೆರಗನ್ನು ನೋಡಿ ಇದೇಕೆ ಬೇರೆ ಬಣ್ಣ ಎಂದಳು. ಒಡಲಿನ ಹಾಸು (ಉದ್ದಕ್ಕೆ ಓಡುವ ಎಳೆಗಳು), ಸೆರಗಿನ ಹಾಸು ಬೇರೆ ಬೇರೆ, ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ ಎಂದು ಹೇಳುತ್ತಾ ಹೋದೆ. ಇನ್ನಿಬ್ಬರು ಬಂದು ನಿಂತರು. ಹತ್ತು ನಿಮಿಷ ಮಾತನಾಡಿದ್ದೆ, ಒಂದು ಪದಕ್ಕೂ ತಡಕಾಡಿರಲಿಲ್ಲ.

ಶನಿವಾರ ಮನೆಗೆ ಬಾ, ಬೂಟು ಕೊಳ್ಳಲು ಜೊತೆಗೇ ಹೋಗೋಣ. ಇನ್ನೊಂದು ಮಾತು: ಇಲ್ಲಿಯವರೂ ನಮ್ಮಂತೆ ಶೂಗಳನ್ನು ಬಾಗಿಲಲ್ಲೇ ಬಿಡುತ್ತಾರೆ. ಮೊದಲ ಸಲ ಮೇಲಧಿಕಾರಿಯ ಮನೆಗೆ ಊಟಕ್ಕೆ ಹೋದಾಗ ನನ್ನ ಹೆಬ್ಬೆರಳು ಕಾಲುಚೀಲದಿಂದ ಇಣುಕಿತ್ತು. ಅರ್ಧ ಡಜನ್ ಹೊಸ ಕಾಲುಚೀಲವನ್ನೂ ಪಟ್ಟಿಯಲ್ಲಿ ಬರೆದುಕೋ.